ಪಕ್ಕದವರ ತಟ್ಟೆ

ಜೂನ್ ೨, ಸೋಮವಾರ

ಇವತ್ತೂ ಲಿಫ್ಟಿನ ಗುಂಡಿಯ ಮೇಲೆ ಯಾರದೋ ಅನ್ನದಗುಳು. ಒಣಗಿ ಹಳದಿ ತಿರುಗಿ ನಮ್ಮ ಮಹಡಿಯ ಅಂಕಿಗೇ ಅಂಟಿಕೊಂಡಿತ್ತು. ಕರವಸ್ತ್ರ ಅಡ್ಡ ಹಿಡಿದು ಗುಂಡಿ ಒತ್ತಿದೆ. ಮನೆಗೆ ಬಂದು ಕರವಸ್ತ್ರವನ್ನು ಕುದಿಯುವ ನೀರಿಗೆ ಹಾಕಿದೆ.

ಕೆಳಗಿನ ಊಟದ ಮನೆಯಿಂದಲೇ ಬಂದ ಅಗುಳು, ಅನುಮಾನವೇ ಇಲ್ಲ. ರೋಗ ಊರನ್ನೆಲ್ಲ ಹಿಂಡಿ ಹಿಪ್ಪೆ ಮಾಡಿ ಹೋದ ಮೇಲೂ ಈ ಜನಕ್ಕೆ ಬುದ್ಧಿ ಬಂದಿಲ್ಲ. ಹೊಸ ಸಮಾಜ ಕಟ್ಟೋಣ ಎಂದು ಬೀದಿಯ ಗೋಡೆಗಳ ಮೇಲೆಲ್ಲ ಬರೆಸಿದ್ದಾರೆ. ಮೊದಲು ಉಗುರು ಕತ್ತರಿಸಿಕೊಳ್ಳಲಿ.

ಇದನ್ನೆಲ್ಲ ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ನಮ್ಮ ಯಜಮಾನರಿದ್ದಾಗ ಅವರಿಗೆ ಹೇಳುತ್ತಿದ್ದೆ, ಪೇಪರಿನ ಹಿಂದಿನಿಂದ ಹೂಂಗುಡುತ್ತಿದ್ದರು. ರೋಗದ ಎರಡನೇ ಸುತ್ತು ಅವರನ್ನು ಕರೆದುಕೊಂಡು ಹೋಯಿತು. ಈಗ ಮನೆಯಲ್ಲಿರುವುದು ನಾನು ಮತ್ತು ಅತ್ತೆ. ಅತ್ತೆಯ ಕಿವಿಗೆ ಹಾಕಿದರೆ ಇಡೀ ಕಟ್ಟಡಕ್ಕೆ ಡಂಗುರ ಸಾರಿದಂತೆ. ಅದಕ್ಕೇ ಈ ಪುಸ್ತಕ.

ಊಟದ ಮನೆ ಎಂದರೆ ನೆಲಮಾಳಿಗೆಯ ಹಳೇ ಗೋದಾಮು. ಎಲ್ಲ ಬಂದ್ ಆಗಿದ್ದ ದಿನಗಳಲ್ಲಿ ಅಲ್ಲಿ ಒಲೆ ಹೂಡಿದವನು ಡ್ರೈವರಣ್ಣ. ಸಿಟಿ ಬಸ್ ಓಡಿಸುತ್ತಿದ್ದವನು. ಬಸ್ಸು ನಿಂತಿತು, ಅವನ ಕೈ ನಿಲ್ಲಲಿಲ್ಲ. ಮಹಡಿಯ ಮಾಲೀಕರು, ಹಿಂದಿನ ಸಾಲುಕೋಣೆಗಳ ಬಾಡಿಗೆಯವರು, ಕಾವಲುಗಾರ, ಕಸ ಗುಡಿಸುವವರು, ಎಲ್ಲರಿಗೂ ಒಂದೇ ಪಾತ್ರೆಯ ಅಡುಗೆ. ಅಕ್ಕಿ ಇದ್ದವರು ಅಕ್ಕಿ ಕೊಡುವುದು, ಇಲ್ಲದವರು ದುಡಿಯುವುದು. ಸಿಪ್ಪೆಯೆಲ್ಲ ತಾರಸಿಯ ತರಕಾರಿ ಪಾತಿಗೆ ಗೊಬ್ಬರ. ಇಲ್ಲಿಯವರೆಗೆ ಸರಿ. ಆದರೆ ಅಲ್ಲಿಯದೊಂದು ಕಟ್ಟಳೆ ನೆನೆದರೆ ನನಗೆ ಮೈಮೇಲೆ ಮುಳ್ಳೇಳುತ್ತದೆ. ಉಂಡವರು ತಮ್ಮ ತಟ್ಟೆ ತಾವು ತೊಳೆಯುವಂತಿಲ್ಲ, ಪಕ್ಕದಲ್ಲಿ ಕೂತವರ ತಟ್ಟೆ ತೊಳೆಯಬೇಕು. ಅಂದರೆ ಕಂಡವರ ಎಂಜಲು ಬಳಿಯಬೇಕು!

ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡಿಯೇ ತಲೆ ನರೆತ ಆರೋಗ್ಯ ನಿರೀಕ್ಷಕಿ ನಾನು. ಇಲಿ ಓಡಾಡಿದ ಹಿಟ್ಟು, ಜಿರಲೆ ಈಜಿದ ಎಣ್ಣೆ ಎಲ್ಲ ನೋಡಿ ನಿವೃತ್ತಳಾದವಳು. ನನ್ನ ಅತ್ತೆ ಮಾತ್ರ ದಿನಾ ಮಧ್ಯಾಹ್ನ ಅಲ್ಲಿಗೇ ಇಳಿಯುತ್ತಾರೆ. ಯಾಕೆ ಎಂದು ಕೇಳಿದರೆ, "ನಿನ್ನಡುಗೆ ಆಸ್ಪತ್ರೆ ವಾಸನೆ ಬರುತ್ತೆ ಕಣೇ" ಅನ್ನುತ್ತಾರೆ.

ಜೂನ್ ೪, ಬುಧವಾರ

ಮೈದುನ ಬಂದಿದ್ದ. ಅವರ ತಮ್ಮ, ಮೇಲಿನ ಮಹಡಿಯವನು, ಈ ಕಟ್ಟಡದ ಸಂಘದ ಅಧ್ಯಕ್ಷ. ತಾಯಿಯನ್ನು ನೋಡಲು ಬಂದೆ ಎಂದ. ತಾಯಿ ಕೆಳಗೆ ಊಟಕ್ಕೆ ಹೋಗಿರುವ ಹೊತ್ತು ನೋಡಿಕೊಂಡೇ ಬಂದಿದ್ದ.

"ಅತ್ತಿಗೆ, ಹಸಿರು ಕಟ್ಟಡ ಅಂತ ಹೊಸ ಯೋಜನೆ ಬಂದಿದೆ. ಗೋದಾಮು ಖಾಲಿ ಮಾಡಿದ್ರೆ ಕರೆಂಟ್ ಕಾರು ಚಾರ್ಜ್ ಮಾಡೋಕೆ ಜಾಗ ಆಗುತ್ತೆ. ಮುಂದಿನ ಪೀಳಿಗೆಗೆ ಶುದ್ಧ ಗಾಳಿ."

"ಕರೆಂಟ್ ಕಾರು ಯಾರ ಹತ್ರ ಇದೆ?"

"ಸದ್ಯಕ್ಕೆ ನನ್ನ ಹತ್ರ."

ಹೇಳುತ್ತಲೇ ಉಗುರಿನಿಂದ ಹಲ್ಲಿನ ಸಂದಿ ಕೆದಕಿ, ಸಿಕ್ಕಿದ್ದನ್ನು ನೋಡಿ, ಸೋಫಾದ ಕೈಗೆ ಒರೆಸಿದ. ಇವನು ಪೀಳಿಗೆಗಳ ಮಾತಾಡುತ್ತಾನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

"ನೀವೊಂದ್ಸಲ ತಪಾಸಣೆ ಮಾಡಿ, ಯೋಗ್ಯವಲ್ಲ ಅಂತ ಬರೆದುಕೊಟ್ರೆ ಸಾಕು. ನಿಮ್ಮ ಮಾತು ಅಂದ್ರೆ ಎಲ್ಲರಿಗೂ ಭಯ. ನಾನೇ ಮುಚ್ಚಿಸ್ದೆ ಅಂತ ಆಗ್ಬಾರ್ದು ನೋಡಿ, ಅಮ್ಮ ಬೇರೆ ಅಲ್ಲೇ ಊಟ ಮಾಡ್ತಾಳೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ನಾನು. ಆದರೂ ಒಪ್ಪಿಕೊಂಡೆ. ಅವನ ಕಾರಿಗಾಗಿ ಅಲ್ಲ, ಆ ಗುಂಡಿಯ ಮೇಲಿನ ಅಗುಳಿಗಾಗಿ. ಅವನು ಹೋದ ಮೇಲೆ ಸೋಫಾದ ಕೈಯನ್ನು ಸ್ಪಿರಿಟ್ಟಿನಿಂದ ಒರೆಸಿದೆ.

ಜೂನ್ ೯, ಸೋಮವಾರ

ಇಳಿದೆ. ನೋಡಿದೆ. ಹೇಸಿಕೊಂಡೆ.

ನೆಲಕ್ಕೆ ಉದ್ದುದ್ದ ಚಾಪೆ, ಎದುರುಬದುರು ಎರಡು ಸಾಲು. ಲೊಚಲೊಚ ಅಗಿಯುವ ಸದ್ದು. ಕಾವಲುಗಾರ ಬಾಯಿ ತೆರೆದೇ ಅಗಿಯುತ್ತಾನೆ, ಒಳಗೆ ಏನೇನಿದೆ ಎಂದು ಎಣಿಸಬಹುದು. ಎದುರಿಗೆ ಒಬ್ಬಳು ಕೆಮ್ಮಿದಳು, ಯಾರೂ ಹಿಂದೆ ಸರಿಯಲಿಲ್ಲ. ಇಷ್ಟು ಬೇಗ ಮರೆತುಬಿಟ್ಟರೇ? ನನ್ನ ಅತ್ತೆ ಈ ಸಂತೆಯ ನಡುವೆ ಮಹಾರಾಣಿಯಂತೆ ಕೂತು ಬೊಚ್ಚು ಬಾಯಲ್ಲಿ ಚುಟುಕ ಹೇಳುತ್ತಿದ್ದರು.

ಒಲೆಯ ಕಡೆ ಹೋದೆ. ತರಕಾರಿ ನೆಲದ ಮೇಲೆ. ಪಾತ್ರೆ ತೊಳೆಯುವ ತೊಟ್ಟಿಯ ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ನಿಂತೆ. ಅರ್ಧ ನೀರು ಹೊರಗೆ ಹೋಯಿತು, ಅರ್ಧ ತಿರುಗಿ ಬಂದು ತೊಟ್ಟಿಯ ಕೆಳಗೇ ನಿಂತಿತು. ಕೊಳವೆಯ ಇಳಿಜಾರು ಉಲ್ಟಾ. ನಿಂತ ನೀರು ಎಂದರೆ ನೊಣ, ನೊಣ ಎಂದರೆ ಭೇದಿ. ಇದಕ್ಕಿಂತ ಕಡಿಮೆ ಕಾರಣಕ್ಕೆ ದೊಡ್ಡ ದೊಡ್ಡ ಹೋಟೆಲುಗಳಿಗೆ ಬೀಗ ಹಾಕಿಸಿದವಳು ನಾನು.

"ಇದು ಗೊತ್ತಾ ನಿಮಗೆ?" ಎಂದು ಡ್ರೈವರಣ್ಣನನ್ನು ಕೇಳಿದೆ.

"ಗೊತ್ತಿರ್ಲಿಲ್ಲ ಮೇಡಂ. ವಾಸನೆ ಬರ್ತಿತ್ತು, ಇಲಿ ಸತ್ತಿರ್ಬೇಕು ಅಂತ ಹುಡುಕ್ತಿದ್ದೆ" ಎಂದು ತಲೆ ಕೆರೆದುಕೊಂಡ. ತಲೆ ಕೆರೆದ ಕೈಯಿಂದಲೇ ಸೌಟು ಹಿಡಿದ.

ಹೊರಡುವಾಗ ಅತ್ತೆ ಸಾಲಿನ ನಡುವಿನಿಂದ ಕೂಗಿದರು. "ನನ್ನ ಕೈ ಗಂಟು ನೋಯ್ತಿದೆ. ಇವತ್ತು ನನ್ನ ಪಾಲಿಂದು ನನ್ನ ಸೊಸೆ ತೊಳೀತಾಳೆ."

ಎಲ್ಲರೂ ನನ್ನನ್ನೇ ನೋಡಿದರು. ಅತ್ತೆಯ ಪಕ್ಕ ಕೂತಿದ್ದವನು ಕಾವಲುಗಾರ. ಎರಡು ಬೆರಳಲ್ಲಿ ಅವನ ತಟ್ಟೆ ಹಿಡಿದು, ಮುಖ ಆಚೆ ತಿರುಗಿಸಿ, ಉಸಿರು ಬಿಗಿಹಿಡಿದು ತೊಳೆದೆ. ಅಂಚಿನಲ್ಲಿ ಚೀಪಿ ಬಿಟ್ಟ ಮೆಣಸಿನಕಾಯಿ ಇತ್ತು. ಮನೆಗೆ ಬಂದವಳೇ ಕೈ ಕೆಂಪಾಗುವವರೆಗೆ ಉಜ್ಜಿಕೊಂಡೆ.

ಜೂನ್ ೧೧, ಬುಧವಾರ

ಇನ್ನೂ ಆ ಮೆಣಸಿನಕಾಯಿಯೇ ಕಣ್ಣ ಮುಂದೆ. ಊಟ ಸೇರಲಿಲ್ಲ.

ಜೂನ್ ೧೪, ಶನಿವಾರ

ವರದಿ ಬರೆಯುವ ಮುಂಚೆ ಇನ್ನೊಮ್ಮೆ ನೋಡುವುದು ಪದ್ಧತಿ. ಊಟದ ಹೊತ್ತು ತಪ್ಪಿಸಿ ಬೆಳಿಗ್ಗೆಯೇ ಹೋದೆ. ಡ್ರೈವರಣ್ಣ ತರಕಾರಿ ಹೆಚ್ಚುತ್ತಿದ್ದ. ಸಾಲುಕೋಣೆಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಕಾಳು ಆರಿಸುತ್ತಿದ್ದಳು. ತರಕಾರಿ ಈಗ ಹಲಗೆಯ ಮೇಲಿತ್ತು. ಹೇಳಿದ್ದು ಕೇಳಿಸಿಕೊಂಡಿದ್ದಾನೆ, ಅಷ್ಟು ಪರವಾಗಿಲ್ಲ.

"ಅಲ್ಲ, ಈ ಎಂಜಲು ತೊಳೆಯೋ ಹುಚ್ಚು ಕಟ್ಟಳೆ ಯಾವ ತಲೆಕೆಟ್ಟವರದ್ದು?" ಎಂದು ಕೇಳಿಯೇ ಬಿಟ್ಟೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಡ್ರೈವರಣ್ಣ ಚಾಕು ಕೆಳಗಿಟ್ಟ.

"ನಿಮ್ಮನೆಯಿಂದಾನೇ ಮೇಡಂ ಅದು ಶುರುವಾಗಿದ್ದು. ನೀವು ಮೂರೂ ಜನ ಮಲಗಿದ್ರಲ್ಲ, ಬಾಗಿಲ ಹತ್ರ ಊಟ ಇಟ್ಟು ಬರ್ತಿದ್ವಿ. ಉಂಡ ತಟ್ಟೆ ನೀವು ಹೊರಗಿಡ್ತಿದ್ರಿ. ಅದನ್ನ ಮುಟ್ಟೋಕೆ ಯಾರಿಗೂ ಧೈರ್ಯ ಇಲ್ಲ. ನನಗೂ ಇರ್ಲಿಲ್ಲ, ಸುಳ್ಳ್ಯಾಕೆ ಹೇಳ್ಲಿ. ಕೋಲಲ್ಲಿ ತಳ್ಳಿ ಕಸಕ್ಕೆ ಹಾಕೋಣ ಅಂದೆ. ಈಯಮ್ಮ ದಿನಾ ತಗೊಂಡು ಹೋಗಿ ತೊಳೆದ್ಲು. ಎರಡು ವಾರ ಆದ್ಮೇಲೆ ಇವಳಿಗೂ ಜ್ವರ ಬಂತು, ಇವಳ ತಟ್ಟೆ ನಾನು ತೊಳೆದೆ. ಹಾಗೇ ಬಂತು."

ಟೈಲರಮ್ಮ ತಲೆಯೆತ್ತಲಿಲ್ಲ. ಕಲ್ಲು ಆರಿಸುತ್ತಲೇ, "ಸಾಹೇಬ್ರು ಕೊನೆಕೊನೆಗೆ ಅರ್ಧಾನೂ ತಿಂತಿರ್ಲಿಲ್ಲ. ಅನ್ನ ಹಾಗೇ ಇರ್ತಿತ್ತು. ಮೆತ್ತಗೆ ಬೇಯಿಸಿ ಅಂತ ಇವರಿಗೆ ನಾನೇ ಹೇಳ್ದೆ" ಎಂದಳು.

ನಾನು ಮೇಲೆ ಬಂದೆ. ಯಾರು ಕೇಳಿದ್ದರು ಇವಳನ್ನು? ರೋಗಿಯ ತಟ್ಟೆಯನ್ನು ಕೈಗವಸಿಲ್ಲದೆ ಮುಟ್ಟಬಾರದು ಎಂಬ ಕನಿಷ್ಠ ಜ್ಞಾನ ಬೇಡವೇ? ಸತ್ತುಹೋಗಿದ್ದರೆ ಯಾರು ಹೊಣೆ? ಬುದ್ಧಿಯಿಲ್ಲದ ಹೆಂಗಸು.

ಆ ದಿನಗಳಲ್ಲಿ ಅನ್ನ ಮೆತ್ತಗಿರುತ್ತಿತ್ತು, ನಿಜ. ಅವರಿಗೆ ಎರಡು ತುತ್ತು ಜಾಸ್ತಿ ಹೋಯಿತು ಎಂದು ನಾನು ಖುಷಿಪಟ್ಟಿದ್ದೂ ನಿಜ. ತಟ್ಟೆಯನ್ನು ಎಸೆದು ಬೇರೆ ತಟ್ಟೆಯಲ್ಲಿ ಕೊಡುತ್ತಿದ್ದಾರೆ ಎಂದೇ ತಿಳಿದಿದ್ದೆ. ಅವರು ಬಿಟ್ಟ ಅನ್ನವನ್ನು ದಿನಾ ಒಬ್ಬಳು ನೋಡುತ್ತಿದ್ದಳು, ಇವತ್ತು ಕಡಿಮೆ, ನಿನ್ನೆಗಿಂತ ಕಡಿಮೆ ಎಂದು. ನನಗೆ ಜ್ವರದಲ್ಲಿ ಆ ಲೆಕ್ಕವಿಡಲಾಗಿರಲಿಲ್ಲ. ಬರೆಯುತ್ತ ಬರೆಯುತ್ತ ಅಳು ಬಂತು, ಸಾಕು.

ಜೂನ್ ೧೬, ಸೋಮವಾರ

ವರದಿ ಬರೆದು ಮೈದುನನಿಗೆ ಕೊಟ್ಟೆ. ಇದ್ದದ್ದು ಇದ್ದಹಾಗೆ. ಬಚ್ಚಲ ಇಳಿಜಾರು ಸರಿಯಿಲ್ಲ, ಕೊಳಕು ನೀರು ನಿಲ್ಲುತ್ತದೆ, ಸದ್ಯಕ್ಕೆ ಅಡುಗೆಗೆ ಯೋಗ್ಯವಲ್ಲ. ಕೊಳವೆ ತೆಗೆದು ಮತ್ತೆ ಹಾಕಿದರೆ ಯೋಗ್ಯವಾಗುತ್ತದೆ, ತಿಂಗಳ ಕಾಲಾವಕಾಶ ಕೊಡಬಹುದು. ಅವರು ನನ್ನ ಗಂಡನಿಗೆ ಉಪಕಾರ ಮಾಡಿದ್ದಾರೆ ಎಂದು ನೀರು ಹಿಂದಕ್ಕೆ ಹರಿಯುವುದನ್ನು ಮುಂದಕ್ಕೆ ಎಂದು ಬರೆಯಲಾಗುವುದಿಲ್ಲ. ಭೇದಿಗೆ ಉಪಕಾರ ಗೊತ್ತಾಗುವುದಿಲ್ಲ.

ಮೈದುನ ಓದಿ, "ಭೇಷ್ ಅತ್ತಿಗೆ" ಎಂದ. ಅವನು ಭೇಷ್ ಎಂದಾಗಲೇ ನನಗೆ ಅನುಮಾನ ಹುಟ್ಟಿತು.

ಜೂನ್ ೨೨, ಭಾನುವಾರ

ಊಟದ ಮನೆಗೆ ಬೀಗ. ಬಾಗಿಲ ಮೇಲೆ ನನ್ನ ವರದಿ. ವರದಿಯಲ್ಲ, ವರದಿಯ ಅರ್ಧ. "ಅಡುಗೆಗೆ ಯೋಗ್ಯವಲ್ಲ" ಎಂಬಲ್ಲಿಗೆ ಕತ್ತರಿಸಿ, ಕೆಳಗಿನ ನನ್ನ ಸಹಿಯನ್ನು ಮೇಲೆ ತಂದು ಅಂಟಿಸಿದ್ದಾನೆ ಮೈದುನ. ಇಷ್ಟು ವರ್ಷ ಹೋಟೆಲಿನವರು ಹಳಸಿದ ಅನ್ನವನ್ನು ಒಗ್ಗರಣೆ ಹಾಕಿ ಮಾರುವುದನ್ನು ನೋಡಿದ್ದೇನೆ, ಎಂದೂ ಹೀಗೆ ಮೈಲಿಗೆಯಾದಂತೆ ಅನ್ನಿಸಿರಲಿಲ್ಲ.

ಮೇಲೆ ಹೋಗಿ ಬೈದೆ. ಅವನು ನಕ್ಕ. "ಪೂರ್ತಿ ಓದೋಕೆ ಯಾರಿಗೆ ಪುರುಸೊತ್ತಿದೆ ಅತ್ತಿಗೆ? ರೋಗ ಹೋಯ್ತು, ಗಂಜಿ ಕೇಂದ್ರ ಇನ್ಯಾಕೆ?" ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವುದು ಇದಕ್ಕೇ. ಇವನ ಮನೆಗೂ ಆಗ ಕೆಳಗಿನಿಂದಲೇ ಅನ್ನ ಹೋಗುತ್ತಿತ್ತು.

ಲಿಫ್ಟಿನಲ್ಲಿ ಟೈಲರಮ್ಮ ಸಿಕ್ಕಳು. ಮೂಲೆಗೆ ಸರಿದು ಜಾಗ ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಅತ್ತೆ ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. "ನನ್ನ ಮಗ ಕತ್ತರಿ ಹಿಡಿದ, ನೀನು ಕಾಗದ ಕೊಟ್ಟೆ. ಇಬ್ಬರೂ ಸೇರಿ ನನ್ನನ್ನ ನಾಲ್ಕು ಗೋಡೆ ಮಧ್ಯೆ ಕೂರಿಸಿದ್ರಿ" ಎಂದು ಗೋಡೆಗೆ ಮುಖ ಮಾಡಿ ಮಲಗಿದರು.

ಜೂನ್ ೨೯, ಭಾನುವಾರ

ಸಂಘದ ಸಭೆ. ಮತ ಹಾಕುವವರು ಮಾಲೀಕರು, ಉಣ್ಣುವವರು ಹೆಚ್ಚಾಗಿ ಬಾಡಿಗೆಯವರು. ಅವರು ಹಿಂದೆ ನಿಂತಿದ್ದರು, ಕುರ್ಚಿ ಸಾಲಲಿಲ್ಲವಂತೆ.

ನಾನು ಎದ್ದು ನನ್ನ ವರದಿಯ ಇನ್ನರ್ಧವನ್ನು ಗಟ್ಟಿಯಾಗಿ ಓದಿದೆ. ಗುಸುಗುಸು ಎದ್ದಿತು. ಮೈದುನ ಗಂಟಲು ಸರಿಮಾಡಿಕೊಂಡ. ಆ ಸದ್ದು ಕೇಳಿದರೇ ವಾಕರಿಕೆ.

"ಆಯ್ತು, ನ್ಯಾಯವಾಗೇ ಹೋಗೋಣ. ಒಂದು ತಿಂಗಳು ಬೀಗ ಇರ್ಲಿ. ಅಷ್ಟರಲ್ಲಿ ಬಚ್ಚಲು ಸರಿ ಮಾಡ್ಕೊಳ್ಲಿ. ಆದ್ರೆ ತಿಂಗಳು ಪೂರ್ತಿ ಒಟ್ಟಿಗೆ ಊಟ ಇಲ್ದೇನೂ ನಡೀತು ಅಂತಾದ್ರೆ, ಅದು ಬೇಕಾಗಿಲ್ಲ ಅಂತಲೇ ಅರ್ಥ. ಜಾಗ ಹಸಿರು ಯೋಜನೆಗೆ."

ಮಾಲೀಕರು ತಲೆಯಾಡಿಸಿದರು. ಕೇಳಲು ಎಷ್ಟು ಹಿತವಾದ ಮಾತು. ಬೀಗವನ್ನೂ ಇವನೇ ಹಾಕಿ, ಊಟ ನಿಂತಿತು ಎಂದೂ ಇವನೇ ಹೇಳುವುದು.

ಹಿಂದಿನಿಂದ ಡ್ರೈವರಣ್ಣ, "ತಿಂಗಳ ಮಟ್ಟಿಗೆ ಬೇರೆ ಕಡೆ ಬೇಯಿಸ್ಬಹುದಾ ಸಾರ್?" ಎಂದು ಕೇಳಿದ.

"ಧಾರಾಳವಾಗಿ. ಆದ್ರೆ ನಮ್ಮ ಅತ್ತಿಗೆ ಯೋಗ್ಯ ಅಂದ ಅಡುಗೆಮನೆಯಲ್ಲಿ ಮಾತ್ರ. ಆರೋಗ್ಯದ ಪ್ರಶ್ನೆ." ನನ್ನ ಮೂಗು ಯಾರ ಅಡುಗೆಮನೆಯನ್ನೂ ಪಾಸು ಮಾಡುವುದಿಲ್ಲ ಎಂದು ಅವನಿಗೆ ಗೊತ್ತು. ಕುರ್ಚಿಗೆ ಒರಗಿ ಕಾಲಾಡಿಸುತ್ತ ಕೂತ.

ಡ್ರೈವರಣ್ಣ ನನ್ನ ಕಡೆ ತಿರುಗಿದ. "ಹಾಗಾದ್ರೆ ನೀವೇ ಹೇಳಿ ಮೇಡಂ. ಈ ಕಟ್ಟಡದಲ್ಲಿ ಯೋಗ್ಯವಾದ ಅಡುಗೆಮನೆ ಯಾವುದು?"

ಒಂದೊಂದೇ ನೆನಪು ಮಾಡಿಕೊಂಡೆ. ಎರಡನೇ ಮಹಡಿಯಲ್ಲಿ ಹಲಗೆಗೆ ಬೂಷ್ಟು. ಪಕ್ಕದ ಮನೆಯಲ್ಲಿ ನಾಯಿಗೂ ಅಕ್ಕಿಗೂ ಒಂದೇ ಮೂಲೆ. ಮೈದುನನ ಫ್ರಿಜ್ಜಿನ ಬಗ್ಗೆ ಬರೆಯಲೂ ಕೈ ಬಾರದು. ನೀರು ನಿಲ್ಲದ ಬಚ್ಚಲು, ಕುದಿಸಿದ ಬಟ್ಟೆ, ನೊಣ ಹೊಗದ ಕಿಟಕಿ ಇರುವುದು ಒಂದೇ ಕಡೆ. ತಪಾಸಣೆಯಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

"ನಂದು" ಎಂದೆ.

ಅತ್ತೆ ಬೊಚ್ಚು ಬಾಯಿ ತೆರೆದು ನಕ್ಕ ಸದ್ದು ಇಡೀ ಸಭೆಗೆ ಕೇಳಿಸಿತು. ಏನು ಹೇಳಿಬಿಟ್ಟೆ?

ಜುಲೈ ೧, ಮಂಗಳವಾರ

ನರಕ. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ, ಒಂದೊಂದಕ್ಕೂ ಒಂದೊಂದು ಬೀದಿಯ ಮಣ್ಣು. ನನ್ನ ಒಲೆಯ ಮೇಲೆ ಅವರ ಕರಿ ಹಿಡಿದ ಪಾತ್ರೆ. ಡ್ರೈವರಣ್ಣನ ತಲೆಗೆ ಬಟ್ಟೆ ಕಟ್ಟಿಸಿದೆ, ಮೂರು ಸಲ ಕೈ ತೊಳೆಸಿದೆ. "ಮದುವೆ ಗಂಡಿಗೂ ಇಷ್ಟು ತಿಕ್ಕಲ್ಲ ಮೇಡಂ" ಎಂದು ಗೊಣಗಿದ. ಪಡಸಾಲೆಯಲ್ಲಿ, ನಡುಕೋಣೆಯಲ್ಲಿ, ಅವರು ಪೇಪರು ಓದುತ್ತಿದ್ದ ಕಿಟಕಿಯ ಕೆಳಗೆ, ಎಲ್ಲಿ ನೋಡಿದರೂ ಜನ, ಜನ, ಅಗಿಯುವ ಬಾಯಿಗಳು.

ನಾನು ಅಡುಗೆಮನೆಯಲ್ಲಿ ನಿಂತೇ ಉಂಡೆ. ನನ್ನ ತಟ್ಟೆಯನ್ನು ಯಾರೂ ಮುಟ್ಟುವ ಮುಂಚೆ ನಾನೇ ತೊಳೆದಿಟ್ಟೆ.

ಜುಲೈ ೩, ಗುರುವಾರ

ಕಾವಲುಗಾರನಿಗೆ ಬಾಯಿ ಮುಚ್ಚಿ ಅಗಿಯಲು ಹೇಳಿದೆ. ಮೂಗು ಕಟ್ಟಿದೆ, ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದ. ರೋಗ ಬಂದು ಹೋದಾಗಿನಿಂದ ಹೀಗೆಯೇ ಅಂತೆ. ಮೊದಲೇ ಹೇಳಬಾರದೇ? ಮೂಗಿನ ಡಾಕ್ಟರ ಹತ್ತಿರ ನಾಳೆ ಕರೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಈ ಲೊಚಲೊಚ ಕೇಳಿ ನನಗೆ ಹುಚ್ಚು ಹಿಡಿಯುತ್ತದೆ.

ಜುಲೈ ೮, ಮಂಗಳವಾರ

ಯಾರೋ ಬಚ್ಚಲ ಮನೆಯ ಕನ್ನಡಿಗೆ ಸೋಪು ಸಿಡಿಸಿದ್ದಾರೆ. ಯಾರೋ ನನ್ನ ಒಳ್ಳೇ ಚಮಚೆಯ ಹಿಡಿ ಬಗ್ಗಿಸಿದ್ದಾರೆ. ಟೈಲರಮ್ಮ ಊಟಕ್ಕೆ ಬರಲೇ ಇಲ್ಲ. ಹೊಲಿಗೆ ಜಾಸ್ತಿಯಂತೆ. ಅನ್ನ ಆರಿ ತಣ್ಣಗಾಗುತ್ತಿತ್ತು, ಸುಮ್ಮನೆ ಹಾಳಾಗುತ್ತದಲ್ಲ ಎಂದು ನಾನೇ ಅವಳ ಕೋಣೆಗೆ ಒಯ್ದೆ. ಕೋಣೆ ಎಂದರೆ ಹೊಲಿಗೆ ಯಂತ್ರ, ಅದರ ಕಾಲ ಬುಡದಲ್ಲಿ ಹಾಸಿಗೆ, ಗೋಡೆಗೆ ಒದ್ದೆ. ಇಂಥದ್ದಕ್ಕೂ ಬಾಡಿಗೆ ತೆಗೆದುಕೊಳ್ಳುತ್ತಾರೆ ಅಯೋಗ್ಯರು. ಅವಳು ಉಂಡಾದ ಮೇಲೆ ತಟ್ಟೆ ವಾಪಸು ತಂದೆ.

ಜುಲೈ ೨೦, ಭಾನುವಾರ

ಬಚ್ಚಲ ಕೆಲಸ ಮುಗಿಯಿತು. ಕಾವಲುಗಾರ, ಡ್ರೈವರಣ್ಣ, ಸಾಲುಕೋಣೆಯ ಇನ್ನಿಬ್ಬರು ನೆಲ ಅಗೆದು ಕೊಳವೆ ತೆಗೆದರು. ಒಳಗಿನಿಂದ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಮೇಲೆ ನಿಂತು ಇಳಿಜಾರು ಹೇಳುತ್ತಿದ್ದೆ. ಅವರಿಗೆ ಅರ್ಥವಾಗಲಿಲ್ಲ, ಕೊನೆಗೆ ಸೆರಗು ಸಿಕ್ಕಿಸಿ ನಾನೇ ಗುಂಡಿಗೆ ಇಳಿದೆ.

ಒಂದು ಬಕೆಟ್ ಸುರಿದೆ. ಎಲ್ಲ ಹೋಯಿತು. ಇನ್ನೊಂದು ಬಕೆಟ್. ಅದೂ ಹೋಯಿತು. ತೊಟ್ಟಿಯ ಕೆಳಗೆ ಕೈ ಹಾಕಿ ಸವರಿ ನೋಡಿದೆ, ಒಣಗಿತ್ತು. ಯೋಗ್ಯ ಎಂದು ಬರೆದು, ಕತ್ತರಿಗೆ ಜಾಗವಿಲ್ಲದಂತೆ ಒಂದೇ ಸಾಲಿನಲ್ಲಿ ಸಹಿ ಹಾಕಿದೆ.

ಜುಲೈ ೨೭, ಭಾನುವಾರ

ಬೀಗ ತೆಗೆದದ್ದು ಮೈದುನ. ಕ್ಯಾಮೆರಾದವರನ್ನೂ ಹಸಿರು ಯೋಜನೆಯ ಅಧಿಕಾರಿಯನ್ನೂ ಕರೆಸಿದ್ದ. ಕಾರಿನ ಜಾಗ ಸಿಗದಿದ್ದರೆ ಏನಂತೆ, ಊಟದ ಮನೆಗೂ ಬಹುಮಾನ ಇದೆಯಂತೆ. ಬಾಗಿಲ ಮೇಲೆ "ಸಮಾನ ಸಮಾಜ, ಸುಸ್ಥಿರ ನಾಳೆ" ಎಂಬ ಬ್ಯಾನರು, ಅದರ ಕೆಳಗೆ ಅವನ ಮುಖ. "ಮಹಾಮಾರಿಯ ಕತ್ತಲಲ್ಲಿ ನಾನು ಹಚ್ಚಿದ ಈ ಒಲೆ" ಎಂದು ಭಾಷಣ ಶುರು ಮಾಡಿದ. ಪಕ್ಕದಲ್ಲಿ ಒಲೆ ಹಚ್ಚಿದವನು ಸೌಟು ಹಿಡಿದು ನಿಂತಿದ್ದ. ನಾಚಿಕೆ ಎಂಬುದು ಈ ಮನುಷ್ಯನ ಹತ್ತಿರ ಸುಳಿದದ್ದೇ ಇಲ್ಲ. ಆಮೇಲೆ ನಲ್ಲಿಯ ಕೆಳಗೆ ಒಂದು ತಟ್ಟೆ ಹಿಡಿದು ಫೋಟೋ ತೆಗೆಸಿಕೊಂಡ. ತೊಳೆದಿಟ್ಟಿದ್ದ ತಟ್ಟೆ ಅದು.

"ಸುಮ್ನಿರು, ಬಾಗಿಲು ತೆಗೆದಿದೆ ತಾನೇ" ಎಂದು ಅತ್ತೆ ನನ್ನ ಮೊಣಕೈ ಹಿಡಿದರು.

ಅಧಿಕಾರಿ ಹೋದ ಮೇಲೆ ಊಟ. ಎಲ್ಲರೂ ಕೂತಿದ್ದೆವು, ಮೈದುನ ತಡವಾಗಿ ಬಂದ. ಖಾಲಿ ಇದ್ದದ್ದು ನನ್ನ ಪಕ್ಕವೇ. ಕೂತ, ಫೋನು ನೋಡುತ್ತಲೇ ಉಂಡ, ಚೀಪಿದ್ದನ್ನೆಲ್ಲ ತಟ್ಟೆಯ ಅಂಚಿಗೆ ಉಗಿದ, ತೇಗಿದ, ಕೈಯನ್ನೂ ತಟ್ಟೆಯಲ್ಲೇ ತೊಳೆದ. ಎದ್ದವನು ನನ್ನ ತಟ್ಟೆಯ ಕಡೆ ತಿರುಗಿಯೂ ನೋಡದೆ ಹೊರಟೇಹೋದ.

ಅವನ ತಟ್ಟೆ ಎತ್ತಿಕೊಂಡು ತೊಟ್ಟಿಗೆ ಹೋದೆ. ಕೈ ತೊಳೆದ ನೀರಿನಲ್ಲಿ ಅಗಿದ ಸಿಪ್ಪೆ ತೇಲುತ್ತಿತ್ತು.

ಟೈಲರಮ್ಮ ಬಂದು ಕೈ ಚಾಚಿದಳು. "ಕೊಡಿ ಮೇಡಂ. ಅವರದ್ದನ್ನ ನೀವ್ಯಾಕೆ ತೊಳೀತೀರಿ?"

"ನನ್ನ ಪಕ್ಕ ತಾನೇ ಕೂತಿದ್ದು" ಎಂದೆ. ಕೊಡಲಿಲ್ಲ. ಸೋಪು ಜಾಸ್ತಿ ಹಾಕಿ, ಹಲ್ಲು ಕಚ್ಚಿಕೊಂಡು ತಿಕ್ಕಿದೆ. ಅಸಹ್ಯ, ಅಸಹ್ಯ, ಅಸಹ್ಯ.

ಅವಳು ಚಾಪೆಯ ಹತ್ತಿರ ಹೋಗಿ, ನಾನು ಉಂಡು ಬಿಟ್ಟ ತಟ್ಟೆಯನ್ನು ತಂದು, ನನ್ನ ಪಕ್ಕದ ನಲ್ಲಿಯ ಕೆಳಗೆ ಹಿಡಿದಳು. ನಾನು ಬೇಡವೆನ್ನಲಿಲ್ಲ.